ನೀರು ಬಂದದ್ದು ಯಾವತ್ತು?

ಧಾರವಾಡದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋಗಿದ್ದೆ. ಹಾಲ್‌ನ ಗೋಡೆಗೆ ಹಸಿ ಹಿಡಿದಿತ್ತು. ಹಸಿ ಎಲ್ಲಿಗೆ ಏರಿದೆಯೋ ಅಲ್ಲಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದರು. ಪ್ರತಿ ಗೆರೆಯ ಪಕ್ಕ ತಾರೀಖು. ಅಕ್ಷರ ಮುತ್ತಿನಂತೆ. ಎಲ್ಲಕ್ಕಿಂತ ಕೆಳಗಿನ ಗೆರೆ ಎರಡು ವರ್ಷ ಹಳೆಯದು.

"ನೋಡ್ರಿ ಸರ, ನಾ ಸುಳ್ಳ ಹೇಳಂಗಿಲ್ಲ. ಎಲ್ಲಾದಕ್ಕೂ ಪ್ರೂಫ್ ಇಟ್ಟೇನಿ" ಎಂದರು.

ಅವರ ವಿಮೆಯ ಕ್ಲೇಮನ್ನು ಮುಳುಗಿಸಿದ್ದು ಆ ಪ್ರೂಫೇ.

ನಾನು ವಿಮಾ ಸರ್ವೇಯರ್. ಹಳ್ಳಿ ಕಡೆ ಹೋದರೆ "ಹೊಲ ಅಳಿಯಾಕ ಬಂದೀರೇನ್ರಿ?" ಅಂತ ಕೇಳುತ್ತಾರೆ. ಹೊಲ ಅಲ್ಲ, ನಾನು ಅಳೆಯೋದು ನಷ್ಟ. ಹುಬ್ಬಳ್ಳಿಯಿಂದ ಗದಗ, ಹಾವೇರಿವರೆಗೆ ಇದೇ ತಿರುಗಾಟ. ಮಳೆಗಾಲ ಬಂತೆಂದರೆ ಫೋನು ಸುಮ್ಮನಿರುವುದಿಲ್ಲ. ಹತ್ತು ಫೋನಿನಲ್ಲಿ ಏಳೆಂಟು ಒಂದೇ ಥರ: "ಸರ, ಗೋಡಿ ಹಸಿ ಆಗೇತಿ, ಇನ್ಶೂರೆನ್ಸ್ ಐತಿ." ನಾನು ಕೇಳೋದು ಒಂದೇ ಪ್ರಶ್ನೆ. ನೀರು ಬಂದದ್ದು ಯಾವತ್ತು?

"ಹ್ವಾದ ವರ್ಷದ ಮಳಿಗಾಲದಿಂದ ಐತ್ರಿ." ಅಲ್ಲಿಗೆ ಹೆಚ್ಚುಕಡಿಮೆ ಮಾತು ಮುಗಿಯಿತು.

ಇದನ್ನು ಎಷ್ಟು ಸಲ ಹೇಳಿದರೂ ಜನಕ್ಕೆ ಇಳಿಯುತ್ತಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ. ಒಂದು ಗೋಡೆ ಇದೆ ಅಂದುಕೊಳ್ಳಿ. ಅದರ ಹಿಂದೆ ಬಾತ್‌ರೂಮಿನ ಪೈಪು. ಮಂಗಳವಾರ ರಾತ್ರಿ ಪೈಪು ಒಡೆದು, ಬೆಳಗಾಗೋದರೊಳಗೆ ಗೋಡೆ ನೆನೆದು, ಕಪಾಟು ಉಬ್ಬಿ, ಗಾದಿ ತೊಯ್ದು ತೊಪ್ಪೆಯಾದರೆ ಅದು ಘಟನೆ. ಅದಕ್ಕೆ ತಾರೀಖಿದೆ. ಅದೇ ಪೈಪಿನ ಜಾಯಿಂಟು ಹೋದ ವರ್ಷದ ಗಣೇಶ ಹಬ್ಬದಿಂದ ಹನಿ ಹನಿ ಜಿನುಗಿ, ಈ ಹಬ್ಬದ ಹೊತ್ತಿಗೆ ಗಿಲಾವು ಉದುರಿದರೆ ಅದು ಘಟನೆ ಅಲ್ಲ, ಸವಕಳಿ. ಅದೇ ಗೋಡೆ, ಅದೇ ಪೈಪು. ಲೆಕ್ಕ ಹಾಕಿದರೆ ಎರಡನೆಯದರಲ್ಲೇ ಜಾಸ್ತಿ ನೀರು ಹೋಗಿರಬಹುದು. ಆದರೂ ದುಡ್ಡು ಬರೋದು ಮೊದಲನೆಯದಕ್ಕೆ.

"ನೀರು ನೀರೇ ಅಲ್ವಾ ಸರ್?" ಅಂತಾರೆ. ಗೋಡೆಗೆ ಹೌದು, ಪಾಲಿಸಿಗೆ ಅಲ್ಲ. ಎತ್ತಿಗೆ ಲಾರಿ ಬಡಿಯೋದು ಬೇರೆ, ಎತ್ತಿಗೆ ವಯಸ್ಸಾಗೋದು ಬೇರೆ. ಎರಡರಲ್ಲೂ ಎತ್ತು ಮಲಗುತ್ತದೆ, ಆದರೆ ವಯಸ್ಸಾಗಿದ್ದಕ್ಕೆ ಯಾರ ಮೇಲೆ ಕೇಸು ಹಾಕುತ್ತೀರಿ?

2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಅನ್ನುವ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ್ದು, ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ಒಕ್ಕಣೆ ಒಂದೇ. ಅದರಲ್ಲಿ ಯಾವುದರಿಂದ ಹಾನಿಯಾದರೆ ಕೊಡುತ್ತಾರೆ ಅನ್ನುವ ಪಟ್ಟಿ ಇದೆ. ಬೆಂಕಿ, ಸಿಡಿಲು, ಭೂಕಂಪ ಎಲ್ಲಾ ಇವೆ. ನೀರಿಗೆ ಸಂಬಂಧಪಟ್ಟಂತೆ ಬಿರುಗಾಳಿ, ಪ್ರವಾಹ, ಜಲಾವೃತ, ಆಮೇಲೆ ನೀರಿನ ಟಾಕಿ, ಪೈಪು, ಉಪಕರಣ ಒಡೆಯುವುದು ಅಥವಾ ಉಕ್ಕಿ ಹರಿಯುವುದು. ಪಟ್ಟಿಯನ್ನು ಎರಡು ಸಲ ಓದಿ. ಬರೀ 'ಮಳೆ' ಅನ್ನುವ ಶಬ್ದ ಸಿಗುವುದಿಲ್ಲ. ಗಾಳಿಗೆ ತಗಡು ಹಾರಿ, ಆ ಸಂದಿಯಿಂದ ಮಳೆ ಒಳಗೆ ಸುರಿದರೆ ಕೇಳುವ ಹಕ್ಕಿದೆ. ಸ್ಲ್ಯಾಬಿನ ಬಿರುಕಿನಿಂದ ಪ್ರತಿ ಶ್ರಾವಣಕ್ಕೂ ಸೋರುವ ಮನೆಗೆ ಬೇಕಾದವನು ಗೌಂಡಿ, ಸರ್ವೇಯರ್ ಅಲ್ಲ. ನಾನು ಹೇಳುತ್ತಿರುವುದು ಈ ಪಾಲಿಸಿಯ ಮಾತು. ನಿಮ್ಮದು ಬೇರೆ ಇದ್ದರೆ, ಮೇಲೆ ಹೆಚ್ಚಿನ ಕವರ್ ಹಾಕಿಸಿದ್ದರೆ ಉತ್ತರವೂ ಬೇರೆ ಇರಬಹುದು. ಕಾಗದ ನೋಡದೆ ನಾನಂತೂ ಹೂಂ ಅನ್ನುವುದಿಲ್ಲ.

ಕಾಗದ ಎಲ್ಲಿ ಅಂದರೆ "ಬ್ಯಾಂಕಿನ್ಯಾಗ ಐತ್ರಿ" ಅನ್ನುವವರೇ ಜಾಸ್ತಿ. ತರಿಸಿ ನೋಡಿದರೆ ಎಷ್ಟೋ ಸಲ ಅದು ಮನೆಯ ವಿಮೆಯೇ ಅಲ್ಲ, ಸಾಲ ತಗೊಂಡವರ ಜೀವಕ್ಕೆ ಮಾಡಿಸಿದ್ದು. ಗೋಡೆ ಬಿದ್ದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ.

ನಮ್ಮ ಕಡೆ ಇನ್ನೊಂದು ತಾಪತ್ರಯ ಎರೆ ಭೂಮಿ. ನವಲಗುಂದ, ಅಣ್ಣಿಗೇರಿ, ಗದಗದ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಕಾಲು ಇಳಿಯುವಷ್ಟು ಬಿರುಕು ನೀವೇ ನೋಡಿರುತ್ತೀರಿ. ಅದರ ಮೇಲೆ ಬುನಾದಿ ಆಳ ಹಾಕದೆ ಮನೆ ಕಟ್ಟಿದರೆ ಗೋಡೆ ಸೀಳದೆ ಇರುತ್ತದೆಯೇ? ಸೀಳಿನಿಂದ ನೀರು, ನೀರಿನಿಂದ ಹಸಿ. ಜನ 'ಭೂಕುಸಿತ' ಅಂತ ಅರ್ಜಿ ಬರೆಯುತ್ತಾರೆ. ಭೂಕುಸಿತ ಪಟ್ಟಿಯಲ್ಲಿ ಇರುವುದು ನಿಜ. ಆದರೆ ಹೊಸ ಕಟ್ಟಡ ಕೂರುವಾಗಿನ ಮಾಮೂಲಿ ಬಿರುಕು, ತಪ್ಪು ವಿನ್ಯಾಸ, ಕಳಪೆ ಕೆಲಸ ಇವಕ್ಕೆ ಕೊಡುವುದಿಲ್ಲ ಅಂತ ಅದರ ಪಕ್ಕದಲ್ಲೇ ಬರೆದಿದೆ. ಆ ಪಕ್ಕದ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ.

ಪ್ರವಾಹದಲ್ಲಿ ಈ ತಾರೀಖಿನ ಗೋಳಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿದ್ದು ಯಾವತ್ತು ಅಂತ ಊರಿಗೆ ಊರೇ ಹೇಳುತ್ತದೆ. ಬೆಣ್ಣಿಹಳ್ಳ ಏರಿದರೂ ಹಾಗೆಯೇ. ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ತಾರೀಖು ಇರುವ ಇಂಥ ಮನೆಗಳಲ್ಲಿ ನಾನು ಪಾಲಿಸಿ ಕಂಡದ್ದು ಬಹಳ ಕಮ್ಮಿ.

ಈಗ ಉಲ್ಟಾ ಕಥೆ. ಗದಗದಲ್ಲಿ ಒಂದು ಮನೆ. ಏಪ್ರಿಲ್ ತಿಂಗಳು, ಮಳೆಯ ಸುದ್ದಿಯೇ ಇಲ್ಲ. ರಾತ್ರಿ ಮಾಳಿಗೆ ಮೇಲಿನ ಟಾಕಿ ಸೀಳಿ, ನೀರು ಮೆಟ್ಟಿಲಿನಿಂದ ಇಳಿದು ಎರಡು ಖೋಲಿ ತುಂಬಿತ್ತು. ಇದಕ್ಕಿಂತ ಒಳ್ಳೆ ಕ್ಲೇಮು ಬೇಕೇ? ಮೂರನೇ ದಿನ ನಾನು ಹೋದೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಗಾದಿ ಇಲ್ಲ, ಟಾಕಿ ಹೊಸದು, ಗೋಡೆಗೆ ಸುಣ್ಣ ಕೂಡ ಆಗಿತ್ತು.

"ಅಕ್ಕಾರ, ನಷ್ಟ ಎಲ್ಲೈತ್ರಿ?" ಅಂದೆ.

"ಮನಿ ನೋಡಾಕ ಸಾಹೇಬ್ರು ಬರ್ತಾರಂದ್ರ ಹೊಲಸ ಇಡಾಕ ಬರ್ತದೇನ್ರಿ? ಎಲ್ಲಾ ತೊಳದ, ಗಾದಿ ಹೊರಗ ಒಗದ ಬಿಟ್ಟೇನಿ" ಎಂದು ಗಿರ್ಮಿಟ್ ತಟ್ಟೆ ಮುಂದಿಟ್ಟರು. ಬೈಯಬೇಕೋ ತಿನ್ನಬೇಕೋ ತಿಳಿಯಲಿಲ್ಲ. ತಿಂದೆ. ಪುಣ್ಯಕ್ಕೆ ಪಕ್ಕದ ಮನೆ ಹುಡುಗ ಆ ರಾತ್ರಿ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಮೆಟ್ಟಿಲ ಮೇಲೆ ಜೋಗದಂತೆ ನೀರು, ಅಕ್ಕಾರ ಕೂಗಾಟ, ಪರದೆ ಮೇಲೆ ತಾರೀಖು, ಸಮಯ. ಪ್ಲಂಬರ್ ಬಿಲ್ಲೂ ಇತ್ತು. ಮನೆ, ಸಾಮಾನು ಎರಡನ್ನೂ ಸೇರಿಸಿ ವಿಮೆ ಮಾಡಿಸಿದ್ದರು. ಹಾಗೆ ತಗೊಂಡರೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಜಾಸ್ತಿ ಅಂದರೆ 10 ಲಕ್ಷ ರೂಪಾಯಿವರೆಗೆ, ಸಾಮಾನಿಗೆ ಬೇರೆ ಪಟ್ಟಿ ಕೊಡದೆಯೂ ಕವರ್ ಇರುತ್ತದೆ. ಹಾಗಾಗಿ ಕಪಾಟು, ಗಾದಿಯ ಹಣ ಬಂತು. ಗಾದಿ ಇಟ್ಟುಕೊಂಡಿದ್ದರೆ ನನ್ನ ಕೆಲಸವೂ ಅರ್ಧ ದಿನಕ್ಕೆ ಮುಗಿಯುತ್ತಿತ್ತು.

ನೀರು ನಿಲ್ಲಿಸಿ, ಕರೆಂಟು ಬಂದ್ ಮಾಡಿ, ಸಾಮಾನು ಒಣಗಲು ಎತ್ತಿಡಿ. ಅದು ನಿಮ್ಮ ಕರ್ತವ್ಯವೂ ಹೌದು. ಆದರೆ ಒರೆಸುವ ಮೊದಲು ಫೋಟೋ ತೆಗೆಯಿರಿ, ಅವತ್ತೇ ಕಂಪನಿಗೆ ತಿಳಿಸಿ, ಒಡೆದ ಪೈಪಿನ ತುಂಡನ್ನು ಗುಜರಿಗೆ ಹಾಕಬೇಡಿ. ಆ ತುಂಡಿನ ಒಳಮೈ ನೋಡಿದರೆ ಹೊಸ ಸೀಳೋ ಹಳೆ ತುಕ್ಕೋ ಬಹುಮಟ್ಟಿಗೆ ತಿಳಿಯುತ್ತದೆ.

ಇನ್ನು ಕೆಲವರು ಜಾಣರು. ಟಾಕಿ ನಿಜವಾಗಿಯೂ ಒಡೆದಿರುತ್ತದೆ. ಇರಲಿ ಅಂತ ಅಡುಗೆಮನೆಯ ಐದು ವರ್ಷದ ಹಳೆ ಕಲೆಯನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ. ಹಳೆ ಕಲೆಗೆ ಅಂಚಿನಲ್ಲಿ ಕಂದು ಉಂಗುರ, ಬಿಳಿ ಉಪ್ಪು, ಬೂಸ್ಟು ಇರುತ್ತದೆ. ಹೊಸ ನೀರಿಗೆ ಅಷ್ಟು ಬೇಗ ಅದೆಲ್ಲಾ ಬರುವುದಿಲ್ಲ. ಒಂದು ಸುಳ್ಳು ಕಂಡರೆ ಉಳಿದ ಖರೆಯನ್ನೂ ನಾನು ಅನುಮಾನದಿಂದಲೇ ನೋಡಬೇಕಾಗುತ್ತದೆ, ಏನು ಮಾಡಲಿ?

ಮಾಸ್ತರರು ಅಂಥವರಲ್ಲ. ಅದಕ್ಕೇ ನನಗೆ ಬೇಜಾರು. ವರದಿಯಲ್ಲಿ ಇದ್ದದ್ದನ್ನು ಇದ್ದಂಗೆ ಬರೆದೆ, ಕಂಪನಿ ಇಲ್ಲ ಅಂದಿತು. ಆಮೇಲೆ ಅವರೇ ಫೋನ್ ಮಾಡಿ ಮೇಲೆ ಎಲ್ಲಿ ಕೇಳಬಹುದು ಎಂದರು. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಮೊದಲು ಕಂಪನಿಗೇ ಬರೆದು ಕೇಳಿ, ಅದಕ್ಕೂ ಇಲ್ಲ ಅಂದರೆ ಒಂದು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು, ಫೀ ಇಲ್ಲ, ವಕೀಲರೂ ಬೇಡ ಎಂದೆ. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರ ಆ ಗೋಡಿ ಫೋಟೋ ಒಯ್ಯಲೇನ್ರಿ, ಬ್ಯಾಡೋ?"