ಬಯಲುಸೀಮೆಗೆ ಹೋಗುವ ಬಿಲ್ಲು

ಶಿರಸಿಯಲ್ಲಿ ಆಗಸ್ಟ್ ತಿಂಗಳ ಜಡಿಮಳೆಯ ನಡುವೆ ನಾನು ಮಾಡಿಕೊಟ್ಟ ಬಿಲ್ಲೊಂದು ಮರು ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿನಲ್ಲಿ, ಹೆದೆ ಎಳೆಯುತ್ತಿದ್ದಂತೆಯೇ ಮುರಿಯಿತು. ವಾಪಸು ಬಂದ ತುಂಡುಗಳಲ್ಲಿ ಉದ್ದನೆಯ ಸಿಬಿರು ಒಂದೂ ಎದ್ದಿರಲಿಲ್ಲ. ಬೆನ್ನಿನ ಕಡೆಯಿಂದ, ಅಂದರೆ ಬಿಲ್ಲು ಹಿಡಿದವನಿಗೆ ಆಚೆಗಿರುವ ಹೊರಮೈಯಿಂದ, ಒಣಕಡ್ಡಿಯ ಹಾಗೆ ಅಡ್ಡಕ್ಕೆ ತುಂಡಾಗಿತ್ತು. ಅತಿಯಾಗಿ ಒಣಗಿದ ಮರ ಮುರಿಯುವ ಬಗೆ ಅದು.

ಮರ ಕಡಿದು ಎಷ್ಟೇ ವರ್ಷವಾಗಿದ್ದರೂ ಸುತ್ತಲಿನ ಗಾಳಿಗೆ ತಕ್ಕಂತೆ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಆರ್ದ್ರತೆ ಶೇ 85ರಷ್ಟಿದ್ದಾಗ ಮರದ ತೇವಾಂಶ ಶೇ 18ರ ಸುಮಾರಿಗೆ ನಿಲ್ಲುತ್ತದೆ. ಆರ್ದ್ರತೆ ಶೇ 30ಕ್ಕೆ ಇಳಿದರೆ ಅದು ಶೇ 6ರ ಆಸುಪಾಸಿಗೆ ಬರುತ್ತದೆ. ಬಿಲ್ಲಿಗೆ ಹದವಾದುದು ಶೇ 8ರಿಂದ 10. ಅದಕ್ಕಿಂತ ಹೆಚ್ಚಿದ್ದರೆ ಹೆದೆ ಇಳಿಸಿದ ಮೇಲೂ ಬಾಗು ಹಾಗೆಯೇ ಉಳಿದುಬಿಡುತ್ತದೆ, ತೀರ ಕಡಿಮೆಯಾದರೆ ಬೆನ್ನು ಎಳೆತವನ್ನು ತಾಳುವುದಿಲ್ಲ. ಎಣ್ಣೆ, ಅರಗು, ವಾರ್ನಿಷ್‌ಗಳು ಈ ಹೋಗುಬರುವಿಕೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ.

ನಾನು ಬಳಸುವುದು ತಡಸಲು ಮರ. ಸಂಸ್ಕೃತದಲ್ಲಿ ಇದಕ್ಕೆ ಧನುರ್ವೃಕ್ಷವೆಂಬ ಹೆಸರೇ ಇದೆ. ಸೀಳಿದ ಕೂಡಲೇ ಎರಡೂ ತುದಿಗಳಿಗೆ ಮೇಣ ಬಳಿಯುತ್ತೇನೆ, ಏಕೆಂದರೆ ತುದಿಗಳಿಂದ ತೇವ ಬೇಗ ಆರಿ ಸೀಳು ಬಿಡುತ್ತದೆ. ಅಡಿಗೆಮನೆಯ ಅಟ್ಟದಲ್ಲಿ ಒಣಗಿಸಿ ವಾರಕ್ಕೊಮ್ಮೆ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆಯೇ ಉಳಿ ಹಿಡಿಯುವುದು. ಬಾಗನ್ನು ಹದಗೊಳಿಸುವ ಕೊನೆಯ ಹೆರೆತವನ್ನಂತೂ ಈಗ ಬೇಸಿಗೆಗೇ ಮೀಸಲಿಟ್ಟಿದ್ದೇನೆ.

ಒಣಸೀಮೆಯ ಬಿಲ್ಲಿಗೆ ಆಕಾರವೂ ಬೇರೆ ಬೇಕು. 28 ಅಂಗುಲ ಎಳೆಯುವವರಿಗೆ 66 ಅಂಗುಲದ ಬದಲು 70 ಅಂಗುಲದ ಬಿಲ್ಲು ಕೊಡುತ್ತೇನೆ. ಅಗಲ ಹೆಚ್ಚಿಸಿ ದಪ್ಪ ತಗ್ಗಿಸುತ್ತೇನೆ. ಬಾಗು ಒಂದೇ ಆಗಿರುವಾಗ ಬೆನ್ನಿನ ನಾರಿನ ಮೇಲೆ ಬೀಳುವ ಹಿಗ್ಗು ದಪ್ಪವನ್ನು ಅನುಸರಿಸುತ್ತದೆ, ಅಗಲವನ್ನಲ್ಲ. ಆದರೆ ಇಲ್ಲಿ ಕೈ ಬಹಳ ಬಿಗಿಯಾಗಿರಬೇಕು: ದಪ್ಪದಲ್ಲಿ ಹತ್ತನೇ ಒಂದು ಪಾಲು ಹೋದರೆ ಬಿರುಸಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಬೆನ್ನಿನ ಮೇಲೆ ನಾರು ಎಲ್ಲಿಯೂ ಕಡಿಯಬಾರದು. ಸಂಶಯವಿದ್ದ ಕಡೆ ಹೊರಮೈ ಉಳಿಸಿಕೊಂಡ ಬಿದಿರಿನ ದಬ್ಬೆಯನ್ನು ಅಂಟಿಸುತ್ತೇನೆ.

ಈಗ ಪ್ರತಿ ಬಿಲ್ಲಿನ ಹಿಡಿಕೆಯ ಮೇಲೆ ಹೆದೆಯಿಲ್ಲದ ತೂಕವನ್ನು ಬರೆದೇ ಕಳಿಸುತ್ತೇನೆ. 600 ಗ್ರಾಂ ಬಿಲ್ಲು ಬೇಸಿಗೆಯಲ್ಲಿ 15 ಗ್ರಾಂ ಇಳಿದಿದ್ದರೆ ಹೆದೆ ಏರಿಸದೆ, ಒದ್ದೆ ಬಟ್ಟೆಯ ಪಾತ್ರೆಯನ್ನಿಟ್ಟ ಮುಚ್ಚಿದ ಕಪಾಟಿನಲ್ಲಿ ಅದು ಹಳೆಯ ತೂಕಕ್ಕೆ ಬರುವವರೆಗೂ ಇಡಬೇಕೆಂದು ಜೊತೆಗೊಂದು ಚೀಟಿಯನ್ನೂ ಇಡುತ್ತೇನೆ.