ಪಾಸ್‌ವರ್ಡ್ ಸರಿಯಿದ್ದರೂ ಸೀಕ್ಯಾನ್ ಏಕೆ ಏಳುವುದಿಲ್ಲ?

ಸರ್ಕಾರಗಳೂ ಸಂಶೋಧನಾ ಸಂಸ್ಥೆಗಳೂ ತಮ್ಮ ದತ್ತಾಂಶವನ್ನು ಸಾರ್ವಜನಿಕರಿಗೆ ತೆರೆದಿಡಲು ಬಳಸುವ ಮುಕ್ತ ತಂತ್ರಾಂಶ ಸೀಕ್ಯಾನ್. ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಮೂಲಕ ಸ್ಥಾಪಿಸಿದಾಗ ಅದು ಹಲವು ಕಂಟೇನರ್‌ಗಳಾಗಿ ಹಂಚಿಹೋಗುತ್ತದೆ: ಸೀಕ್ಯಾನ್ ಒಂದರಲ್ಲಿ, ಮಾಹಿತಿಯನ್ನು ಕಾಪಿಡುವ ಪೋಸ್ಟ್‌ಗ್ರೆಸ್ ಇನ್ನೊಂದರಲ್ಲಿ, ಹುಡುಕಾಟದ ಸೋಲರ್, ಹಿನ್ನೆಲೆ ಕೆಲಸಗಳ ರೆಡಿಸ್ ಬೇರೆ ಬೇರೆಯಾಗಿ. ತಾಣ ತೆರೆಯುತ್ತಿಲ್ಲ ಎಂದವರಿಗೆ ನಾನು ಮೊದಲು ಕೇಳುವುದು, ಯಾವ ಕಂಟೇನರ್‌ನ ಲಾಗ್ (ಅದು ಬರೆದಿಡುವ ದಾಖಲೆ) ನೋಡಿದ್ದೀರಿ ಎಂದು.

ಲಾಗ್‌ನಲ್ಲಿ ಅತಿ ಹೆಚ್ಚು ಕಾಣಸಿಗುವ ಸಾಲು 'ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್'. ಸಂರಚನೆಯ ಎನ್ವ್ ಕಡತದಲ್ಲಿ ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ಆದರೂ ಪೋಸ್ಟ್‌ಗ್ರೆಸ್ ಒಳಗೆ ಬಿಡುವುದಿಲ್ಲ. ಬಳಕೆದಾರರನ್ನೂ ಪಾಸ್‌ವರ್ಡನ್ನೂ ಸೃಷ್ಟಿಸುವ ಆರಂಭಿಕ ಸ್ಕ್ರಿಪ್ಟ್‌ಗಳು ದತ್ತಾಂಶದ ಡೈರೆಕ್ಟರಿ ಖಾಲಿಯಿದ್ದಾಗ ಮಾತ್ರ ಓಡುತ್ತವೆ. ಮೊದಲ ಬಾರಿ ಮಾದರಿ ಪಾಸ್‌ವರ್ಡಿನಲ್ಲೇ ಎಬ್ಬಿಸಿ ನೋಡಿ, ಆಮೇಲೆ ಕಡತವನ್ನು ತಿದ್ದಿದರೆ, ಕಂಟೇನರ್‌ನ ಹೊರಗೆ ದತ್ತಾಂಶ ಉಳಿಯುವ ಜಾಗವಾದ ವಾಲ್ಯೂಮ್‌ನಲ್ಲಿ ಉಳಿದಿರುವುದು ಹಳೆಯ ಪಾಸ್‌ವರ್ಡೇ. ಕಂಟೇನರ್ ಅನ್ನು ಎಷ್ಟು ಸಲ ಅಳಿಸಿ ಹೊಸದಾಗಿ ಕಟ್ಟಿದರೂ ವಾಲ್ಯೂಮ್ ಹಾಗೆಯೇ ಇರುತ್ತದೆ.

ಇದಕ್ಕೆ ಹಲವರು ಸೂಚಿಸುವ ಮದ್ದು, ಕಂಟೇನರ್‌ಗಳನ್ನೆಲ್ಲ ಒಟ್ಟಿಗೆ ನಡೆಸುವ ಡಾಕರ್ ಕಂಪೋಸ್‌ನ 'ಡೌನ್' ಆದೇಶಕ್ಕೆ 'ವಿ' ಆಯ್ಕೆ ಸೇರಿಸಿ ವಾಲ್ಯೂಮ್‌ಗಳನ್ನೇ ಅಳಿಸುವುದು. ಹೊಸ ಸ್ಥಾಪನೆಯಾದರೆ ಆಗಬಹುದು. ಡೇಟಾಸೆಟ್‌ಗಳು ಸೇರಿದ ತಾಣದಲ್ಲಿ ಇದು ತಲೆನೋವಿಗೆ ತಲೆಯನ್ನೇ ತೆಗೆದಂತೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್‌ನಲ್ಲಿ (ಕಂಟೇನರ್ ಕಟ್ಟಲು ಬಳಸುವ ಅಚ್ಚು), ಆ ಕಂಟೇನರ್‌ನ ಒಳಗಿನಿಂದಲೇ ಬರುವ ಸಂಪರ್ಕಕ್ಕೆ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಆದ್ದರಿಂದ ಒಳಹೊಕ್ಕು, ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ತೆರೆದು, 'ಆಲ್ಟರ್ ಯೂಸರ್' ಆದೇಶದಿಂದ ಪಾಸ್‌ವರ್ಡ್ ಬದಲಿಸಿದರೆ ಸಾಕು. ಹೊಸ ಪಾಸ್‌ವರ್ಡಿನಲ್ಲಿ '@' ಚಿಹ್ನೆ ಇರದಂತೆ ನೋಡಿಕೊಳ್ಳಿ. ಸಂಪರ್ಕದ ವಿಳಾಸದೊಳಗೇ ಪಾಸ್‌ವರ್ಡ್ ಸೇರುವುದರಿಂದ ಆ ಚಿಹ್ನೆಯನ್ನು '%40' ಎಂದು ಬರೆಯಬೇಕಾಗುತ್ತದೆ. ಎನ್ವ್ ಕಡತ ತಿದ್ದಿದ ಮೇಲೆ 'ರೀಸ್ಟಾರ್ಟ್' ಕೊಟ್ಟು ಕಾಯುವವರೂ ಇದ್ದಾರೆ. ಆ ಆದೇಶ ಹೊಸ ಮೌಲ್ಯಗಳನ್ನು ಓದುವುದೇ ಇಲ್ಲ, ಕಂಪೋಸ್ 'ಅಪ್' ಕೊಟ್ಟು ಕಂಟೇನರ್ ಹೊಸದಾಗಿ ಸೃಷ್ಟಿಯಾಗಬೇಕು.

ಇನ್ನೊಂದು ದೂರು ಗಾಬರಿ ಹುಟ್ಟಿಸುವಂಥದ್ದು: ತಾಣ ತೆರೆಯುತ್ತದೆ, ಪಟ್ಟಿಯಲ್ಲಿ ಮಾತ್ರ ಡೇಟಾಸೆಟ್‌ಗಳ ಸಂಖ್ಯೆ ಸೊನ್ನೆ. ಪಟ್ಟಿಯನ್ನು ಕೊಡುವುದು ಸೋಲರ್‌ನ ಸೂಚಿ. ಮೂಲ ವಿವರಗಳಿರುವುದು ಪೋಸ್ಟ್‌ಗ್ರೆಸ್‌ನಲ್ಲಿ. ಸೋಲರ್‌ನ ವಾಲ್ಯೂಮ್ ಕಳೆದುಹೋದಾಗ ಹೀಗಾಗುತ್ತದೆ. ಹಳೆಯ ಕೊಂಡಿಯಿಂದ ಡೇಟಾಸೆಟ್ ಪುಟ ನೇರವಾಗಿ ತೆರೆದುಕೊಂಡರೆ ನಿಶ್ಚಿಂತರಾಗಿ ಸೀಕ್ಯಾನ್‌ನ 'ಸರ್ಚ್-ಇಂಡೆಕ್ಸ್ ರೀಬಿಲ್ಡ್' ಆದೇಶ ಓಡಿಸಿ.

ಕಂಟೇನರ್ 137 ಎಂಬ ಸಂಕೇತದೊಂದಿಗೆ ನಿಂತಿದ್ದರೆ ಹೊರಗಿನಿಂದ ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ. ಹೆಚ್ಚಿನ ಸಲ ಮೆಮೊರಿ ಸಾಲದೆ ಹೀಗಾಗಿರುತ್ತದೆ, ಚಿಕ್ಕ ಸರ್ವರ್‌ಗಳಲ್ಲಿ ಸೋಲರ್ ಮೇಲೆಯೇ ನನ್ನ ಮೊದಲ ಅನುಮಾನ. ಸೋಲರ್‌ನ ಸಂಪರ್ಕದ ವಿಳಾಸದಲ್ಲಿ 'ಲೋಕಲ್‌ಹೋಸ್ಟ್' ಎಂದು ಬರೆದಿದ್ದರೆ ಸೀಕ್ಯಾನ್ ತನ್ನೊಳಗೇ ಸೋಲರ್ ಅನ್ನು ಹುಡುಕುತ್ತಿರುತ್ತದೆ. ಅಲ್ಲಿರಬೇಕಾದದ್ದು ಕಂಪೋಸ್ ಕಡತದಲ್ಲಿ ಆ ಸೇವೆಗೆ ಕೊಟ್ಟ ಹೆಸರು.