ಅಕ್ಕಿ ಮನೆಗೆ ಬಂತು, ಅವಳ ತಟ್ಟೆಗೆ?

ಅನ್ನಭಾಗ್ಯ ಈಗ ಎಷ್ಟು ಕೆ.ಜಿ.? ದುಡ್ಡೋ, ಅಕ್ಕಿಯೋ? ಗೃಹಲಕ್ಷ್ಮಿ ಯಾವ ತಿಂಗಳದ್ದು ಬಂತು? ಈ ಮಾತುಗಳ ಗದ್ದಲದಲ್ಲಿ ಒಂದು ಪ್ರಶ್ನೆ ಕಳೆದೇ ಹೋಗಿದೆ. ಹಳ್ಳಿಯ ಮನೆಯಲ್ಲಿ ಊಟಕ್ಕೆ ಕೊರತೆಯಾದಾಗ ಅದನ್ನು ಸರಿದೂಗಿಸುವವರು ಯಾರು?

1876ರ ಧಾತು ಬರದಲ್ಲಿ ಮೈಸೂರು ಸೀಮೆ ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತು. ಎರಡನೇ ಮಹಾಯುದ್ಧದ ಕಾಲಕ್ಕೆ ರೇಷನ್ ಬಂತು, 1965ರಲ್ಲಿ ಭಾರತೀಯ ಆಹಾರ ನಿಗಮ, 1997ರಲ್ಲಿ ಬಿಪಿಎಲ್, ಎಪಿಎಲ್ ಎಂಬ ವಿಂಗಡಣೆ. ಇಷ್ಟು ವರ್ಷವೂ ಕೇಳಿದ್ದು ಒಂದು ಮನೆಗೆ ಎಷ್ಟು ಅಂತ. ಮನೆಯೊಳಗೆ ಯಾರಿಗೆ ಎಷ್ಟು ಅಂತ ಕೇಳಿದ್ದು ತೀರಾ ಕಡಿಮೆ.

ಹೆಂಗಸರ ಕೈಯಲ್ಲಿ ಅವರದೇ ದಾರಿಗಳಿದ್ದವು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಯ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕೈಕೊಟ್ಟರೂ ನಾಲ್ಕು ಸೇರು ಕಾಳು ಸಿಗುತ್ತಿತ್ತು. ಮಳೆ ಬಿದ್ದ ಮೇಲೆ ಬದುವಿನಲ್ಲಿ ಬೆರಕೆ ಸೊಪ್ಪು: ಅಣ್ಣೆ, ಗೋಣಿ, ಕನ್ನೆ. ಮಡಿಲು ತುಂಬ ಕಿತ್ತು ತಂದರೆ ಕಾಸಿಲ್ಲದೆ ಸಾರು. ಹಿಟ್ಟು ಮುಗಿದರೆ ಪಕ್ಕದ ಮನೆಯಿಂದ ಒಂದು ಸೇರು ಎರವಲು, ಸುಗ್ಗಿಯಲ್ಲಿ ವಾಪಸ್. ಬೋರ್‌ವೆಲ್, ಒಂದೇ ಬೆಳೆ, ಕಳೆನಾಶಕ ಬಂದ ಕಡೆಯೆಲ್ಲ ಈ ಆಸರೆಗಳು ಒಂದೊಂದಾಗಿ ಸವೆದವು. ಇಳುವರಿಯ ಲೆಕ್ಕ ಬರೆದವರು ಈ ಸೊಪ್ಪಿನ ಲೆಕ್ಕ ಬರೆಯಲಿಲ್ಲ.

2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಯಿತು. ಕೆ.ಜಿ.ಗೆ 1 ರೂಪಾಯಿ, ಮೂರು ಜನ ಅಥವಾ ಜಾಸ್ತಿ ಇದ್ದ ಮನೆಗೆ ತಿಂಗಳಿಗೆ 30 ಕೆ.ಜಿ. ಎರಡು ವರ್ಷಕ್ಕೆ ಅದೂ ಉಚಿತವಾಯಿತು. ಇದು ಸಣ್ಣ ಮಾತಲ್ಲ. ಒಲೆ ಹಚ್ಚುವುದಾ ಬೇಡವಾ ಅನ್ನುವ ದಿಗಿಲು ಎಷ್ಟೋ ಮನೆಗಳಲ್ಲಿ ಹೋಯಿತು. ಅದೇ ವರ್ಷ ಬಂದ ಆಹಾರ ಭದ್ರತಾ ಕಾಯ್ದೆ, ಮನೆಯ ಹಿರಿಯ ಹೆಂಗಸೇ ಕಾರ್ಡಿನ ಪ್ರಕಾರ ಯಜಮಾನಿ ಎಂದಿತು.

ಆದರೆ ರಾತ್ರಿ ಅಡುಗೆಮನೆ ನೋಡಿ. ತಪ್ಪಲೆಯಲ್ಲಿ ಆರು ಮುದ್ದೆ. ದುಡಿದು ಬಂದ ಇಬ್ಬರು ಗಂಡಸರಿಗೆ ಎರಡೆರಡು, ಮಕ್ಕಳಿಬ್ಬರಿಗೆ ಒಂದೊಂದು. ಆರೂ ಆಯ್ತಲ್ವಾ? ಎಲ್ಲರೂ ಎದ್ದ ಮೇಲೆ ಬಡಿಸಿದ ಅವ್ವ ತಳ ಹಿಡಿದದ್ದನ್ನು ಕೆರೆದು, ಮೇಲೆ ತಿಳಿ ಸಾರು ಹುಯ್ದುಕೊಳ್ಳುತ್ತಾಳೆ. ಕಾಳು ಅಷ್ಟರಲ್ಲಿ ಮುಗಿದಿರುತ್ತದೆ. ಮಗಳು ಕೇಳಿದರೆ, "ನಂಗೆ ಹಸಿವಿಲ್ಲ ಕಣವ್ವ, ನೀನುಣ್ಣು." ಅವಳನ್ನು ಯಾರೂ ಬಲವಂತ ಮಾಡಿರುವುದಿಲ್ಲ. ಅವಳ ಅವ್ವನೂ ಹಾಗೇ ಉಂಡವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಬರೀ ಅಕ್ಕಿಯಿಂದ ರಕ್ತ ತುಂಬುವುದಿಲ್ಲ. ಬೇಳೆ, ಸೊಪ್ಪು, ಮೊಟ್ಟೆ ಬೇಕು. ತಟ್ಟೆಗಳಿಗೆ ಬಡಿಸುವಾಗ ಮೊದಲು ಖಾಲಿಯಾಗುವುದು ಅವೇ.

ಈ ಗುಟ್ಟನ್ನು ಹಿಡಿದ ಯೋಜನೆಯೂ ಒಂದಿತ್ತು, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಸುರಿ, ಬಾಣಂತಿಯರಿಗೆ ಮನೆಗೆ ಕೊಟ್ಟ ಪೌಷ್ಟಿಕ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಹಾಗಾಗಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಅವರನ್ನು ಅಂಗನವಾಡಿಗೇ ಕರೆದು ಬಿಸಿಯೂಟ ಬಡಿಸಿತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊದಲ ಸಲ ಅವಳ ಪಾಲು ಅವಳಿಗೇ. ಅಡ್ಡಿಗಳೂ ಬಂದವು. ಮಲೆನಾಡಿನ ಚದುರಿದ ಮನೆಗಳಿಂದ ಅಂಗನವಾಡಿ ದೂರ. ಕೂಲಿಗೆ ಹೋದವಳು ಮಧ್ಯಾಹ್ನ ಎದ್ದು ಬರುವುದು ಹೇಗೆ? ಹಸಿ ಬಾಣಂತಿ ಹೊಸಿಲು ದಾಟಬಾರದು ಅನ್ನುವ ಮನೆಗಳೂ ಇದ್ದವು. 2020ರಲ್ಲಿ ಕೊರೊನಾ ಬಂದು ಅಂಗನವಾಡಿ ಮುಚ್ಚಿದಾಗ ಆಹಾರ ಮತ್ತೆ ಪೊಟ್ಟಣವಾಗಿ ಮನೆಗೇ ಹೋಯಿತು. ಮತ್ತೆ ಅದೇ ತಪ್ಪಲೆಗೆ.

ಮುಂದಿನದು ನಿಮಗೆ ಗೊತ್ತಿರುವುದೇ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ 170 ರೂಪಾಯಿ, 2025ರಲ್ಲಿ ಅದು ಮತ್ತೆ ಅಕ್ಕಿ. 2023ರ ಆಗಸ್ಟ್‌ನಿಂದ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ. ಆ ಹಣ ಬಂದ ವಾರ ಎಷ್ಟೋ ಮನೆಗಳಿಗೆ ತೊಗರಿಬೇಳೆ, ಎಣ್ಣೆ ಬರುತ್ತದೆ, ಸಂಘದ ಕಂತು ಕಟ್ಟಿ ಆಗುತ್ತದೆ. ಹಣ ತಡವಾದರೆ ಅಂಗಡಿಯಲ್ಲಿ ಸಾಲ. ಅಂಗಡಿಯವರೂ ಇನ್ನು ಕೊಡಲ್ಲ ಅಂದರೆ, ಸಾರಿಗೆ ಇನ್ನೆರಡು ಲೋಟ ನೀರು.